ವಿಜಯಪುರದ ಪೇಟೆಬೀದಿ

ಒಂದು ಊರಿನ ಯೋಗ್ಯತೆಯನ್ನು ಅಳೆಯಬೇಕೆಂದರೆ ಅದರ ಅರಮನೆಯನ್ನಾಗಲಿ ಕೋಟೆಯನ್ನಾಗಲಿ ನೋಡಿದರೆ ಸಾಲದು. ಅದರ ಪೇಟೆಬೀದಿಯನ್ನು ನೋಡಬೇಕು. ಅರಮನೆ ಅರಸನ ಐಶ್ವರ್ಯವನ್ನು ತೋರಿಸುತ್ತದೆ. ಕೋಟೆ ಅವನ ಭಯವನ್ನೂ ಬಲವನ್ನೂ ತೋರಿಸುತ್ತದೆ. ಗುಡಿ, ಮಸೀದಿಗಳು ಜನರ ಭಕ್ತಿಗೆ ಸಾಕ್ಷಿಯಾಗಿ ನಿಲ್ಲುತ್ತವೆ. ಆದರೆ ಪರಸ್ಪರ ಪರಿಚಯವಿಲ್ಲದ ಜನರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ತಿಳಿಯುವುದು ಪೇಟೆಯಲ್ಲಿ ಮಾತ್ರ. ಅಲ್ಲಿ ಒಕ್ಕಲಿಗನೂ ವಕೀಲನೂ ಒಂದೇ ಕಟ್ಟೆಯ ಮುಂದೆ ನಿಲ್ಲುತ್ತಾರೆ. ಹೆಸರು ಕೇಳದೆ, ಕುಲ ಕೇಳದೆ, ತಕ್ಕಡಿಯೊಂದನ್ನೇ ನಂಬಿ ಕೊಡುಕೊಳ್ಳುವ ವ್ಯವಹಾರ ನಡೆಯುತ್ತದೆ. ಆದುದರಿಂದ ಪೇಟೆಬೀದಿಯೆಂಬುದು ಬರಿಯ ವ್ಯಾಪಾರದ ಸ್ಥಳವಲ್ಲ. ಅದು ನಾಗರಿಕತೆಯ ಪಾಠಶಾಲೆ.

ವಿಜಯಪುರವನ್ನು ನೋಡಲು ದೇಶವಿದೇಶಗಳಿಂದ ಜನರು ಬರುತ್ತಾರೆ. ಅವರೆಲ್ಲ ಮೊದಲು ಹೋಗುವುದು ಗೋಳಗುಮ್ಮಟಕ್ಕೆ. ಮಹಮ್ಮದ್ ಆದಿಲಶಾಹನ ಈ ಸಮಾಧಿಯ ಗುಮ್ಮಟದ ಹೊರವ್ಯಾಸ ಸುಮಾರು 144 ಅಡಿ. ಒಳಗಿನ ನೆಲ 18,000 ಚದರ ಅಡಿಗಿಂತ ಮಿಗಿಲಾಗಿದ್ದು, ಅದರ ಮೇಲಿನ ಭಾರವನ್ನು ಹೊರಲು ನಡುವೆ ಒಂದು ಕಂಬವೂ ಇಲ್ಲ. ಪಿಸುಮಾತನ್ನೂ ಹಿಡಿದು ಆಚೆಗೆ ಮುಟ್ಟಿಸುವ ಅದರ ಮೊಗಸಾಲೆಯನ್ನು ಕಂಡು ಬೆರಗಾಗದವರಿಲ್ಲ. ಅಲ್ಲಿಂದ ಮುಂದೆ ಇಬ್ರಾಹೀಮ ರೋಜಾ, ಜುಮ್ಮಾ ಮಸೀದಿ, ಬಾರಾಕಮಾನು, ತಾಜ್ ಬಾವಡಿಗಳನ್ನು ನೋಡಿ ಜನರು ಹಿಂದಿರುಗುತ್ತಾರೆ. ಆದರೆ ಈ ನಗರದಲ್ಲಿ ಇವುಗಳಷ್ಟೇ ಹೆಸರಾಗಿದ್ದ ಮತ್ತೊಂದು ವಿಸ್ಮಯವಿತ್ತು. ಅದನ್ನು ಇಂದು ಯಾರೂ ನೋಡಲಾರರು. ಅದೇ ಆದಿಲಶಾಹಿ ರಾಜಧಾನಿಯ ಮಹಾ ಬಜಾರು.

ಆ ಬಜಾರಿನ ವರ್ಣನೆಯನ್ನು ನಮಗೆ ಉಳಿಸಿಕೊಟ್ಟವನು ಅಸದ್ ಬೇಗ್ ಎಂಬ ಮೊಗಲ ಅಧಿಕಾರಿ. ಎರಡನೆಯ ಇಬ್ರಾಹೀಮ ಆದಿಲಶಾಹನು ಆಳುತ್ತಿದ್ದ ಕಾಲದಲ್ಲಿ, 1603–04ರ ಸುಮಾರಿಗೆ, ಅಕ್ಬರ್ ಬಾದಶಹನು ಇವನನ್ನು ತನ್ನ ದೂತನನ್ನಾಗಿ ಇಲ್ಲಿಗೆ ಕಳುಹಿಸಿದನು. ಆಗ್ರಾದ ವೈಭವವನ್ನು ದಿನವೂ ಕಂಡ ಕಣ್ಣು ಅವನದು, ಸುಲಭವಾಗಿ ಬೆರಗಾಗುವಂಥದಲ್ಲ. ಅಂಥವನು ತನ್ನ ಬಿಡಾರದ ಸಮೀಪದಲ್ಲಿದ್ದ ಪೇಟೆಬೀದಿಯನ್ನು ಕಂಡು ಮನಸೋತನು. ಬೀದಿಯ ಅಗಲ 30 ಗಜ, ಉದ್ದ ಸುಮಾರು 2 ಕೋಸು ಎಂದು ಅವನು ಬರೆದಿಟ್ಟಿದ್ದಾನೆ. ಪ್ರತಿಯೊಂದು ಅಂಗಡಿಯ ಮುಂದೆಯೂ ಒಂದು ಹಸಿರು ಮರವಿತ್ತಂತೆ. ಬೀದಿಯೆಲ್ಲ ಅತ್ಯಂತ ಶುಚಿಯಾಗಿತ್ತಂತೆ. ಬಟ್ಟೆಯ ವ್ಯಾಪಾರಿಗಳು, ರತ್ನಪಡಿ ವ್ಯಾಪಾರಿಗಳು, ಆಯುಧ ಮಾರುವವರು, ರೊಟ್ಟಿ ಸುಡುವವರು, ಮೀನು ಮಾರುವವರು, ಅಡಿಗೆಯವರು, ಹಣ್ಣು ಮತ್ತು ಮಿಠಾಯಿಯ ಅಂಗಡಿಯವರು ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತಿದ್ದರು. ರತ್ನದ ಅಂಗಡಿಗಳಲ್ಲಿ ಗಿಳಿ, ಪಾರಿವಾಳ, ನವಿಲುಗಳ ಆಕಾರದ ಒಡವೆಗಳನ್ನು ಮೆಟ್ಟಿಲು ಮೆಟ್ಟಿಲಾದ ಹಲಗೆಗಳ ಮೇಲೆ ಜೋಡಿಸಿದ್ದರು. ಅದರ ಪಕ್ಕದ ರೊಟ್ಟಿಯಂಗಡಿಯಲ್ಲಿಯೂ ಅದೇ ಅಚ್ಚುಕಟ್ಟು. ಹೊಗೆಸೊಪ್ಪನ್ನು ಅಸದ್ ಬೇಗನು ಮೊದಲು ಕಂಡದ್ದೂ ಈ ಊರಿನಲ್ಲಿಯೇ. ಅದನ್ನು ಕೊಂಡೊಯ್ದು ಅಕ್ಬರನಿಗೆ ಕಾಣಿಕೆಯಾಗಿ ಒಪ್ಪಿಸಿದ ಸಂಗತಿಯನ್ನೂ ಅವನೇ ಹೇಳಿದ್ದಾನೆ.

ಈ ವರ್ಣನೆಯನ್ನು ಓದುವಾಗ ನಾವು ಸ್ವಲ್ಪ ವಿವೇಚನೆಯನ್ನೂ ಬಳಸಬೇಕು. ಕೋಸು ಎಂಬ ಅಳತೆ ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುತ್ತಿತ್ತು. ಅದನ್ನು ಎರಡು ಮೈಲಿಯೆಂದು ಹಿಡಿದರೆ ಬೀದಿಯ ಉದ್ದ ನಾಲ್ಕು ಮೈಲಿಯಾಗುತ್ತದೆ. ಆದರೆ ವಿಜಯಪುರದ ಕೋಟೆಗೋಡೆಯ ಸುತ್ತಳತೆಯೇ ಆರು ಮೈಲಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಉದ್ದದ ನೇರ ಬೀದಿ ಗೋಡೆಯೊಳಗೆ ಹಿಡಿಸುವಂತಿಲ್ಲ. ಬೀದಿಯು ಕೋಟೆಯ ಬಾಗಿಲನ್ನು ದಾಟಿ ಹೊರಗಿನ ಪುರಗಳವರೆಗೆ ಹಬ್ಬಿತ್ತೆಂದು ತಿಳಿಯಬೇಕು. ಇಲ್ಲವೆ, ಮೆಚ್ಚಿದ ಮನಸ್ಸು ಅಳತೆಯನ್ನು ಕೊಂಚ ಹಿಗ್ಗಿಸಿತೆಂದು ತಿಳಿಯಬೇಕು. ಅದೇನೇ ಇರಲಿ, ಒಂದು ಮಾತು ಗಮನಾರ್ಹವಾಗಿದೆ. ರತ್ನಗಳ ರಾಶಿಯನ್ನು ಕಂಡ ಆ ದೂತನು ಅಂಗಡಿಯ ಮುಂದಿನ ಮರವನ್ನೂ ಬೀದಿಯ ಶುಚಿಯನ್ನೂ ಹೇಳುವುದನ್ನು ಮರೆಯಲಿಲ್ಲ. ರತ್ನಗಳು ಆಗ್ರಾದಲ್ಲಿಯೂ ಇದ್ದುವು. ಅವನನ್ನು ತಡೆದು ನಿಲ್ಲಿಸಿದ್ದು ರತ್ನದ ಜೊತೆಗೆ ನೆರಳೂ ಇದ್ದ ಬೀದಿ.

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವ, ಮಳೆ ಕಡಮೆಯಾದ ಈ ಬಯಲುಸೀಮೆಯಲ್ಲಿ ಅಂಗಡಿಗೊಂದು ಮರವನ್ನು ಬೆಳೆಸುವುದು ಸುಲಭದ ಕೆಲಸವೇನಲ್ಲ. ಮರಕ್ಕೆ ನೀರು ಬೇಕು. ನಗರಕ್ಕೆ ನೀರು ತಂದ ಕಥೆ ಗೋಳಗುಮ್ಮಟದ ಕಥೆಗಿಂತ ಕಿರಿದಾದುದಲ್ಲ. ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗವನ್ನು ಕೊರೆದು ನೀರನ್ನು ಊರಿಗೆ ಹರಿಸಿದರು. ಮಹಮ್ಮದ್ ಆದಿಲಶಾಹನು 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬನ್ನು ಕಟ್ಟಿಸಿದನು. ಅಲ್ಲಿಂದ ಮಣ್ಣಿನ ಕೊಳವೆಗಳು ನೆಲದಡಿಯಲ್ಲಿ ಹಾಯ್ದು ಬರುತ್ತಿದ್ದುವು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂದು ಕರೆಯುವ ಎತ್ತರವಾದ ಗೋಪುರಗಳಿದ್ದುವು. ಕೊಳವೆಯ ನೀರು ಅವುಗಳೊಳಗೆ ಏರಿ ನಿಲ್ಲುವುದರಿಂದ ಅದರ ಒತ್ತಡ ತಗ್ಗುತ್ತಿತ್ತು, ಕೆಸರು ತಳದಲ್ಲಿ ಉಳಿಯುತ್ತಿತ್ತು, ತಿಳಿಯಾದ ನೀರು ಮುಂದಕ್ಕೆ ಹೋಗುತ್ತಿತ್ತು. ಈ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಪೇಟೆಯ ಸೊಬಗು ಅಂಗಡಿಯ ಹಲಗೆಯಿಂದ ಆರಂಭವಾಗುವುದಿಲ್ಲ. ಕಣ್ಣಿಗೆ ಕಾಣದ ಕೊಳವೆಯಿಂದ ಆರಂಭವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಬಜಾರು ಅಳಿದುಹೋಗಿದ್ದರೂ ಅಂದಿನ ಶಿಲ್ಪಿಗಳು ಬೀದಿಯ ಮೋರೆಯನ್ನು ಹೇಗೆ ಸಿಂಗರಿಸಬಲ್ಲವರಾಗಿದ್ದರೆಂಬುದನ್ನು ಮೆಹತರ್ ಮಹಲಿನಲ್ಲಿ ನೋಡಬಹುದು. ಇದು ಒಳಕೋಟೆಗೂ ಜುಮ್ಮಾ ಮಸೀದಿಗೂ ನಡುವೆ, ದಾರಿಯ ಅಂಚಿನಲ್ಲಿಯೇ ಇದೆ. ಮಹಲೆಂಬ ಹೆಸರಿದ್ದರೂ ಇದು ಅರಮನೆಯಲ್ಲ. ಹಿಂದಿರುವ ಚಿಕ್ಕ ಮಸೀದಿಯ ಹೆಬ್ಬಾಗಿಲು. ಮೂರು ಅಂತಸ್ತುಗಳ ಈ ಕಟ್ಟಡದಿಂದ ಬೀದಿಯ ಮೇಲಕ್ಕೆ ಚಾಚಿದ ಮೊಗಸಾಲೆಗಳನ್ನು ಕಲ್ಲಿನ ಚಾಚುತೊಲೆಗಳು ಹೊತ್ತಿವೆ. ಆ ಚಾಚುತೊಲೆಗಳ ಕೆತ್ತನೆಯನ್ನು ನೋಡಿದರೆ ಕಲ್ಲನ್ನು ಕಟ್ಟಿಗೆಯೆಂದು ಭ್ರಮಿಸುವಂತಾಗುತ್ತದೆ. ಈ ಅಲಂಕಾರ ಬರಿಯ ಅಲಂಕಾರವಲ್ಲ. ಚಾಚಿದ ಸಜ್ಜವು ಗೋಡೆಗೆ ನೆರಳು ಕೊಡುತ್ತದೆ, ಮಳೆಯನ್ನು ದೂರಕ್ಕೆ ಇಳಿಸುತ್ತದೆ, ಕೆಳಗೆ ನಿಂತ ದಾರಿಗನಿಗೆ ಆಸರೆಯಾಗುತ್ತದೆ. ಚೆಲುವೂ ಉಪಯೋಗವೂ ಒಂದೇ ಕಲ್ಲಿನಲ್ಲಿ ಕೂಡಿವೆ. ಝಾಡಿಸುವ ಕಾಯಕದವನೊಬ್ಬನು ತನಗೆ ಅರಸನಿಂದ ಬಂದ ಹಣದಿಂದ ಇದನ್ನು ಕಟ್ಟಿಸಿದನೆಂದು ಒಂದು ಐತಿಹ್ಯವುಂಟು. ಇದು ಚರಿತ್ರೆಯೋ ಕಟ್ಟುಕಥೆಯೋ ಎಂಬ ಚರ್ಚೆ ಹಾಗಿರಲಿ. ಊರಿನ ಅತ್ಯಂತ ನಾಜೂಕಾದ ಕಟ್ಟಡದ ಹೆಸರಿನೊಡನೆ ಬೀದಿ ಗುಡಿಸುವವನ ನೆನಪನ್ನು ಜನರು ಕೂಡಿಸಿದ್ದು ಎಷ್ಟು ಅರ್ಥವತ್ತಾಗಿದೆ! ಬೀದಿಯ ಚೆಲುವಿಗೆ ಶಿಲ್ಪಿ ಎಷ್ಟು ಕಾರಣನೋ ಕಸಬರಿಗೆ ಹಿಡಿದವನೂ ಅಷ್ಟೇ ಕಾರಣನು.

ಹಾಗಾದರೆ ಆ ಮಹಾ ಬಜಾರು ಎಲ್ಲಿ ಹೋಯಿತು? 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದನು. ದಕ್ಷಿಣದ ಮಂಗೋಳಿ ಬಾಗಿಲಿಗೆ ಗೆಲವಿನ ಬಾಗಿಲೆಂಬ ಅರ್ಥದ ಫತೇ ದರವಾಜೆ ಎಂಬ ಹೆಸರು ಬಂದಿತು. ದರ್ಬಾರು ಅಳಿದ ಮೇಲೆ ರತ್ನವನ್ನು ಕೊಳ್ಳುವವರು ಇಲ್ಲವಾದರು. ಕೊಳ್ಳುವವರಿಲ್ಲದ ಮೇಲೆ ಮಾರುವವರು ಚದುರಿದರು. ಮಾರುವವರು ಹೋದ ಮೇಲೆ ಮರಕ್ಕೆ ನೀರೆರೆಯುವವರು ಯಾರು? ಕೊಳವೆಗಳು ಹೂಳಿಕೊಂಡುವು, ಮಾಳಿಗೆಗಳು ಕುಸಿದುವು. ಒಂದು ಕಾಲಕ್ಕೆ ಮೊಗಲ ದೂತನನ್ನು ಬೆರಗುಗೊಳಿಸಿದ ಬೀದಿ ಎಲ್ಲಿತ್ತೆಂದು ಬೆರಳು ಮಾಡಿ ತೋರಿಸುವುದು ಇಂದು ಕಷ್ಟ. ಗೋರಿ ಉಳಿಯಿತು, ಬೀದಿ ಅಳಿಯಿತು. ಗೋರಿಯನ್ನು ಒಮ್ಮೆ ಗಟ್ಟಿಯಾಗಿ ಕಟ್ಟಿದರೆ ಶತಮಾನಗಳವರೆಗೆ ತಾನೇ ನಿಲ್ಲುತ್ತದೆ. ಬೀದಿಯನ್ನು ಹಾಗೆ ಒಮ್ಮೆ ಕಟ್ಟಿ ಮುಗಿಸಲು ಬರುವುದಿಲ್ಲ. ಅದನ್ನು ದಿನದಿನವೂ ಕಟ್ಟುತ್ತಿರಬೇಕು.

ಹಂಪೆಯ ನಿದರ್ಶನವನ್ನು ತೆಗೆದುಕೊಳ್ಳೋಣ. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನಲ್ಲಿ ಕಲ್ಲುಕಂಬದ ಮಂಟಪಗಳ ಸಾಲು ಇಂದಿಗೂ ಇದೆ. ವಿಠ್ಠಲ ದೇವಾಲಯದ ಮುಂದೆಯೂ ಅಂಥದೇ ಸಾಲುಂಟು. ಅಲ್ಲಿ ಕಲ್ಲು ಉಳಿದಿದೆ, ವಿಜಯನಗರದ ಆ ವ್ಯಾಪಾರ ಉಳಿದಿಲ್ಲ. ಇಲ್ಲಿ ಎರಡೂ ಉಳಿಯಲಿಲ್ಲ. ಬೇರೆ ದೇಶದ ಒಂದು ನಿದರ್ಶನವನ್ನೂ ನೋಡಬಹುದು. ಪ್ಯಾರಿಸ್ ನಗರದ ಷಾಂಜೆಲಿಜೆ ಎಂಬ ಪೇಟೆಬೀದಿ ಜಗತ್ಪ್ರಸಿದ್ಧವಾದುದು. ಅದರ ಉದ್ದ ಸುಮಾರು 1.9 ಕಿಲೋಮೀಟರು. 1667ರಲ್ಲಿ ಲೆ ನೋತ್ರ್ ಎಂಬ ಉದ್ಯಾನಶಿಲ್ಪಿ ಅಲ್ಲಿ ಮರಗಳ ಸಾಲನ್ನು ನೆಡಿಸಿದಾಗ ಅದು ಊರ ಹೊರಗಿನ ಬಯಲು. ಅಲ್ಲಿ ಮರ ಮೊದಲು ಬಂದಿತು, ಅಂಗಡಿ ಆಮೇಲೆ ಬಂದಿತು. ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದರೂ ಮರ ನೆಡುವ, ಬೀದಿಯನ್ನು ಕಾಪಾಡುವ ಪದ್ಧತಿ ಬಿಡಲಿಲ್ಲ. ಅಸದ್ ಬೇಗನು ವಿಜಯಪುರದ ಮರಗಳನ್ನು ಕಂಡದ್ದು ಅದಕ್ಕೆ ಅರುವತ್ತು ವರ್ಷಕ್ಕೂ ಹಿಂದೆ ಎಂಬುದನ್ನು ನಾವು ನೆನೆಯಬೇಕು. ಸಾಲುಮರದ ಪೇಟೆಬೀದಿಯ ಕಲ್ಪನೆಯನ್ನು ನಾವು ಯಾರಿಂದಲೂ ಎರವಲು ತರಬೇಕಾಗಿಲ್ಲ. ಅದು ನಮ್ಮ ಮಣ್ಣಿನಲ್ಲಿಯೇ ಇತ್ತು.

ಇಂದಿನ ವಿಜಯಪುರದ ಪೇಟೆ ಬೇರೆ ಕಾಲದ ಸೃಷ್ಟಿ. 1884ರಲ್ಲಿ ರೈಲುಮಾರ್ಗ ಬಂದಿತು. ಅದರ ಬೆನ್ನಿಗೇ ಜಿಲ್ಲೆಯ ಮುಖ್ಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದುವು. ಪಾಳುಬಿದ್ದ ಊರಿಗೆ ಮತ್ತೆ ಜೀವ ಬಂದಂತಾಯಿತು. ರೈಲುನಿಲ್ದಾಣ ಮತ್ತು ಗೋಳಗುಮ್ಮಟಗಳಿರುವ ಪೂರ್ವದಿಂದ ಪಶ್ಚಿಮಕ್ಕೆ ಹೋಗುವ, ಈಗ ಮಹಾತ್ಮಾ ಗಾಂಧಿ ರಸ್ತೆಯೆಂದು ಹೆಸರಾದ ದಾರಿಯೇ ನಗರದ ಬೆನ್ನೆಲುಬು. ಗಾಂಧಿ ಚೌಕ ಅದರ ಹೃದಯ. ಅದರ ಸುತ್ತ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯೂ ಕಿರಾಣಿ, ಬಟ್ಟೆ, ಬಂಗಾರ, ಪಾತ್ರೆ, ಪುಸ್ತಕಗಳ ಅಂಗಡಿಗಳೂ ಇವೆ. ಇಳಕಲ್ಲ ಸೀರೆಯ ಕೆಂಪು ಸೆರಗು ಒಂದು ಕಡೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿಗಳ ಕಟ್ಟು ಇನ್ನೊಂದು ಕಡೆ. ಒಣದ್ರಾಕ್ಷಿಯ ರಾಶಿ ಮತ್ತೊಂದು ಕಡೆ. ಸಂಕ್ರಾಂತಿಯ ಸಮಯದಲ್ಲಿ ಸಿದ್ಧೇಶ್ವರನ ಜಾತ್ರೆ ನೆರೆದಾಗ ಈ ಬೀದಿಗಳಲ್ಲಿ ಕಾಲಿಡಲು ತೆರಪಿರುವುದಿಲ್ಲ.

ಈ ಪೇಟೆಯ ಬೇರುಗಳು ಇರುವುದು ನಗರದಲ್ಲಲ್ಲ, ಸುತ್ತಲಿನ ಹೊಲಗಳಲ್ಲಿ. ತಿಕೋಟಾದ ಕಡೆಯ ದ್ರಾಕ್ಷಿಯ ತೋಟಗಳು, ಬಬಲೇಶ್ವರದ ಕಡೆಯ ಎರೆಹೊಲದ ಬಿಳಿಜೋಳ, ಇಂಡಿಯ ಲಿಂಬೆ ಇವು ಪೇಟೆಯ ನಿಜವಾದ ಬಂಡವಾಳ. ಮಹಾ ಗುಮ್ಮಟವನ್ನು ಕಟ್ಟಿಸಿದ ಮಹಮ್ಮದ್ ಆದಿಲಶಾಹನೇ ಬಬಲೇಶ್ವರದ ಸೀಮೆಯ ಮಮದಾಪುರದಲ್ಲಿ ವಿಶಾಲವಾದ ಕೆರೆಯನ್ನೂ ಕಟ್ಟಿಸಿದನು. ಹೊಲಕ್ಕೆ ನೀರಿಲ್ಲದಿದ್ದರೆ ಪೇಟೆಗೆ ಕಳೆಯಿಲ್ಲವೆಂಬುದು ಆ ಅರಸನಿಗೂ ತಿಳಿದಿತ್ತು. ಪ್ರತ್ಯೇಕ ತಾಲ್ಲೂಕುಗಳಾಗಿ ಬೆಳೆದ ತಿಕೋಟಾ, ಬಬಲೇಶ್ವರಗಳಲ್ಲಿ ಈಗ ತಮ್ಮವೇ ಆದ ಅಂಗಡಿಸಾಲುಗಳು ಉಂಟು. ಆದರೂ ಮದುವೆಯ ಜವಳಿಗೆ, ಬಂಗಾರಕ್ಕೆ, ಮಕ್ಕಳ ಪುಸ್ತಕಕ್ಕೆ ಒಕ್ಕಲುಮಕ್ಕಳು ವಿಜಯಪುರದ ಪೇಟೆಗೇ ಬರುತ್ತಾರೆ.

ಹೀಗೆ ಬಂದವರನ್ನು ಪೇಟೆಯು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ನಮ್ಮ ನಾಡಿನ ಹಲವು ಊರುಗಳಂತೆ ಇಲ್ಲಿಯೂ ನಡೆಯುವವನಿಗೆ ಇರಬೇಕಾದ ಜಾಗವನ್ನು ನಿಂತ ವಾಹನಗಳು ಆಕ್ರಮಿಸುತ್ತವೆ. ಅಂಗಡಿಯ ಸರಕು ಕಟ್ಟೆಯನ್ನಿಳಿದು ರಸ್ತೆಗೆ ಬರುತ್ತದೆ. ಕಟ್ಟಡದ ಮೋರೆ ಹೆಸರಿನ ಹಲಗೆಗಳ ಹಿಂದೆಯೂ ತಂತಿಗಳ ಸಿಕ್ಕಿನಲ್ಲಿಯೂ ಮರೆಯಾಗುತ್ತದೆ. ಗಾಜು ತಗಡುಗಳಿಂದ ಹೊದಿಸಿದ ಹೊಸ ಕಟ್ಟಡಗಳು ಬಿಸಿಲನ್ನು ಹಿಂದಕ್ಕೆ ಎರಚುತ್ತವೆಯೇ ಹೊರತು ನೆರಳನ್ನು ಕೊಡುವುದಿಲ್ಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹಳ್ಳಿಯಿಂದ ಬಂದ ತಾಯಿಯೊಬ್ಬಳು ಒಂದು ಗಳಿಗೆ ಕುಳಿತುಕೊಳ್ಳಲು ಜಗುಲಿ, ಕುಡಿಯಲು ಅರವಟಿಗೆಯ ನೀರು, ಅವಳ ಮಾನಕ್ಕೆ ತಕ್ಕ ಶೌಚಾಲಯ ಇವು ದೊರೆಯದಿದ್ದರೆ ಆ ಪೇಟೆ ಎಷ್ಟು ಮಹಡಿಗಳನ್ನು ಏರಿಸಿದರೂ ದೊಡ್ಡ ಪೇಟೆಯೆನಿಸಲಾರದು.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ವಾಹನಗಳನ್ನು ದೂರ ನಿಲ್ಲಿಸಿದರೆ ಗಿರಾಕಿ ಬರುವುದಿಲ್ಲವೆಂದು ಅಂಗಡಿಕಾರನು ಅಂಜುತ್ತಾನೆ. ಅವನ ಅಂಜಿಕೆಯನ್ನು ಹಗುರವಾಗಿ ಕಾಣಬಾರದು; ಅವನಿಗೂ ಬಾಡಿಗೆ ಇದೆ, ಸಾಲವಿದೆ, ಸಂಸಾರವಿದೆ. ಆದರೆ ವಾಹನವು ತಾನಾಗಿ ಏನನ್ನೂ ಕೊಳ್ಳುವುದಿಲ್ಲ. ಕೊಳ್ಳುವವನು ಇಳಿದು ನಡೆಯುವ ಮನುಷ್ಯ. ದೆಹಲಿಯ ಚಾಂದನಿ ಚೌಕವನ್ನು ನೋಡಿ. 1650ರಲ್ಲಿ ಶಹಜಹಾನನ ಮಗಳು ಜಹನಾರಾ ಅದನ್ನು ಕಟ್ಟಿಸಿದಾಗ ಬೀದಿಯ ನಡುವೆ ಕಾಲುವೆ ಹರಿಯುತ್ತಿತ್ತು. ಕಾಲಕ್ರಮದಲ್ಲಿ ಅದು ನಡೆಯಲಾರದಷ್ಟು ಇಕ್ಕಟ್ಟಾಯಿತು. 2021ರಲ್ಲಿ ಅದರ ಮುಖ್ಯ ಭಾಗವನ್ನು ನಡೆಯುವವರಿಗಾಗಿ ಸರಿಪಡಿಸಿ, ಹಗಲಿನಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸಿದರು. ನಿಯಮ ಮೀರುವವರು ಅಲ್ಲಿಯೂ ಉಂಟು. ಆದರೂ ಹಳೆಯ ಪೇಟೆಯೊಂದು ತನ್ನ ದಾರಿಯನ್ನು ತಿದ್ದಿಕೊಳ್ಳಬಹುದೆಂಬುದಕ್ಕೆ ಅದು ಸಾಕ್ಷಿ.

ಬೀದಿಯನ್ನು ಅಂದಗೊಳಿಸುವುದೆಂದರೆ ತಳ್ಳುಗಾಡಿಯ ಬಡವನನ್ನು ಅಟ್ಟುವುದೆಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ಅಸದ್ ಬೇಗನು ಕಂಡ ಬೀದಿಯಲ್ಲಿ ರತ್ನದವನ ಮಗ್ಗುಲಲ್ಲಿಯೇ ರೊಟ್ಟಿಯವನಿಗೂ ಸ್ಥಳವಿತ್ತು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ನಮ್ಮ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಅವರಿಗೆ ಗೊತ್ತಾದ ಜಾಗವನ್ನು ಕೊಟ್ಟು, ನಡೆಯುವವನ ಜಾಗವನ್ನು ನಡೆಯುವವನಿಗೆ ಬಿಡಿಸುವುದು ನ್ಯಾಯವಾದ ಮಾರ್ಗ. ಬೇಡವಾದುದು ಬಡತನದ ಗಾಡಿಯಲ್ಲ, ಅವ್ಯವಸ್ಥೆ.

ನಮ್ಮ ಅಭಿಪ್ರಾಯದಲ್ಲಿ ಪೇಟೆಯ ಉದ್ಧಾರಕ್ಕೆ ಕೋಟಿಗಟ್ಟಲೆ ಹಣಕ್ಕಿಂತ ಮೊದಲು ಬೇಕಾದುದು ಮೂರು ಸಂಕಲ್ಪಗಳು. ಮೊದಲನೆಯದು ನೆರಳು: ಅಂಗಡಿಗೊಂದಲ್ಲದಿದ್ದರೂ ನಾಲ್ಕು ಅಂಗಡಿಗೊಂದರಂತೆ ಬೇವನ್ನೋ ಹೊಂಗೆಯನ್ನೋ ನೆಡಬೇಕು, ನೆಟ್ಟವರು ಅದಕ್ಕೆ ಮೂರು ಬೇಸಿಗೆಯಾದರೂ ನೀರೆರೆಯುವ ಹೊಣೆಯನ್ನು ಹೊರಬೇಕು. ಎರಡನೆಯದು ಹಾದಿ: ಕಾಲುದಾರಿಯನ್ನು ಮಹಾನಗರಪಾಲಿಕೆ ಕಟ್ಟಬೇಕು, ವ್ಯಾಪಾರಿಗಳು ಬಿಡಬೇಕು, ವಾಹನವುಳ್ಳವರು ಗೌರವಿಸಬೇಕು. ಮೂರನೆಯದು ಮಿತಿ: ಸ್ಮಾರಕಗಳ ಸಮೀಪದಲ್ಲಿ ಕಟ್ಟುವವರು ಕಾನೂನಿನ ಅಂಕೆಗೆ ಒಳಪಡುವುದರ ಜೊತೆಗೆ, ತಮ್ಮ ಹಲಗೆ, ತಗಡುಗಳಿಂದ ಹಿರಿಯರ ಕಲ್ಲುಕೆಲಸವನ್ನು ಮರೆಮಾಡದಿರಬೇಕು. ಮೆಹತರ್ ಮಹಲಿನ ಸಜ್ಜದಂತೆ ಹೊಸ ಕಟ್ಟಡವೂ ತನ್ನ ಅಂಚನ್ನು ಸ್ವಲ್ಪ ಚಾಚಿ ದಾರಿಗನಿಗೆ ನೆರಳು ಕೊಟ್ಟರೆ ಅದೇ ವಿಜಯಪುರದ ವಾಸ್ತುಪರಂಪರೆಗೆ ಸಲ್ಲಿಸುವ ನಿಜವಾದ ಗೌರವ.

ಗೋಳಗುಮ್ಮಟವನ್ನು ಕಾಯಲು ಪುರಾತತ್ತ್ವ ಇಲಾಖೆಯುಂಟು. ಪೇಟೆಬೀದಿಯನ್ನು ಕಾಯಲು ಅಂಥ ಇಲಾಖೆಯಿಲ್ಲ. ಅದರ ಕಾವಲುಗಾರರು ಅದರಲ್ಲಿ ನಡೆಯುವವರೇ. ಹಣ್ಣಿನ ಸಿಪ್ಪೆಯನ್ನು ಬೀದಿಗೆ ಎಸೆಯದೆ ಬುಟ್ಟಿಗೆ ಹಾಕುವ ಬಾಲಕನೂ, ತನ್ನ ಅಂಗಡಿಯ ಮುಂದಿನ ಸಸಿಗೆ ಬೆಳಿಗ್ಗೆ ಒಂದು ಕೊಡ ನೀರು ಹೊಯ್ಯುವ ವ್ಯಾಪಾರಿಯೂ, ಹಳ್ಳಿಯಿಂದ ಬಂದ ಅಜ್ಜನನ್ನು “ಬರ್ರಿ, ಕೂಡ್ರಿ” ಎಂದು ಕರೆದು ಸರಿಯಾಗಿ ತೂಗಿಕೊಡುವ ಗುಮಾಸ್ತನೂ ಆ ಕೆಲಸವನ್ನೇ ಮಾಡುತ್ತಿದ್ದಾರೆ. ಅರಸರು ಕಟ್ಟಿಸಿದ ಬಜಾರು ಅರಸರೊಡನೆ ಹೋಯಿತು. ಜನರೇ ಕಟ್ಟಿ, ಜನರೇ ಕಾಯುವ ಬಜಾರು ಜನರಿರುವವರೆಗೂ ಬಾಳಬಲ್ಲದು.